ಕಾಯಿಸದೆ ಕಾಯುವ ತಂತಿ

ವಾರ್ಡನ್ ಕಣ್ಣು ತಪ್ಪಿಸಿ ಮಂಚದಡಿ ಬಚ್ಚಿಟ್ಟ ಕಾಯಿಲ್ ಒಲೆಯನ್ನು ಕಾಣದ ಹಾಸ್ಟೆಲ್ ವಿದ್ಯಾರ್ಥಿಗಳು ಕಡಿಮೆ. ಬಿಳಿ ತಟ್ಟೆ, ಅದರ ಗೀರುಗಳೊಳಗೆ ಹಾವಿನಂತೆ ಮಲಗಿದ ಸ್ಪ್ರಿಂಗು. ಸ್ವಿಚ್ ಹಾಕಿದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಧೂಳು ಸುಟ್ಟ ವಾಸನೆ, ಮಂಕು ಕೆಂಪು, ಕೊನೆಗೆ ಕಿತ್ತಳೆ ಬಣ್ಣದ ಹೊಳಪು. ನಡುರಾತ್ರಿಯ ಮ್ಯಾಗಿಗೂ ಪರೀಕ್ಷೆ ಕಾಲದ ಕಾಫಿಗೂ ಅದೇ ಗತಿ.

ಒಂದು ದಿನ ಸ್ಪ್ರಿಂಗು ತುಂಡಾಗುತ್ತದೆ. ಹೊಸದು ತರುವ ತನಕ ತಾಳ್ಮೆ ಯಾರಿಗಿದೆ? ಸುಟ್ಟ ಸುತ್ತುಗಳನ್ನು ಕಿತ್ತುಹಾಕಿ, ಉಳಿದ ತುದಿಗಳನ್ನು ಎಳೆದು ಒಂದಕ್ಕೊಂದು ಸಿಕ್ಕಿಸಿದರೆ ಆಯಿತು, ರಿಪೇರಿ ಮುಗಿಯಿತು. ಸೋಜಿಗವೆಂದರೆ, ಹೀಗೆ ತೇಪೆ ಹಾಕಿದ ಒಲೆ ಮೊದಲಿಗಿಂತ ಬೇಗ ಕೆಂಪಾಗುತ್ತದೆ. ಆ ಸಂತೋಷ ಬಹಳ ದಿನ ಬಾಳುವುದಿಲ್ಲ. ಸ್ಪ್ರಿಂಗು ಮತ್ತೆ ತುಂಡಾಗುತ್ತದೆ, ಈ ಸಲ ಇನ್ನೂ ಬೇಗ.

ತಂತಿ ಬೇಗ ಕಾಯುವುದು ಯಾವುದರಿಂದ? ಲೋಹದ ಗುಣದಿಂದಲೋ, ಅಳತೆಯಿಂದಲೋ, ಹರಿಯುವ ವಿದ್ಯುತ್ತಿನಿಂದಲೋ? ಒಲೆ, ಗೀಸರ್, ಇಸ್ತ್ರಿ ಪೆಟ್ಟಿಗೆಗಳ ಮಟ್ಟಿಗೆ ಇದು ಕುತೂಹಲದ ಪ್ರಶ್ನೆ ಅಷ್ಟೆ. ಆದರೆ ‘ವೇಪ್’ ಎಂದು ಕರೆಯುವ ಇ-ಸಿಗರೇಟಿನ ಲೋಕದಲ್ಲಿ ಇದೇ ಮುಖ್ಯ ಪ್ರಶ್ನೆ. ಅಲ್ಲಿ ತಂತಿ ಕಾಯಲು ಸಿಗುವುದು ಸೆಕೆಂಡಿನ ಒಂದು ಪಾಲು ಮಾತ್ರ. ಭಾರತದಲ್ಲಿ ನಿಷೇಧವಾಗಿದ್ದರೂ ಕಳ್ಳದಾರಿಯಲ್ಲಿ ಕಾಲೇಜು ಹುಡುಗರ ಜೇಬು ಸೇರುತ್ತಿರುವ ಈ ಸಾಧನದ ಒಡಲಲ್ಲಿರುವುದು ಹಾಸ್ಟೆಲ್ ಒಲೆಯ ಸ್ಪ್ರಿಂಗಿನ ಪುಟ್ಟ ತಮ್ಮ.

ಅಡ್ಡಿಯಿಂದ ಹುಟ್ಟುವ ಬಿಸಿ

ತಂತಿಯಲ್ಲಿ ವಿದ್ಯುತ್ ಹರಿಯುತ್ತಿದೆ ಎಂದರೆ ಅದರೊಳಗೆ ಎಲೆಕ್ಟ್ರಾನ್‌ಗಳು ಸಾಗುತ್ತಿವೆ ಎಂದರ್ಥ. ದಾರಿಯುದ್ದಕ್ಕೂ ಲೋಹದ ಪರಮಾಣುಗಳು ಅವಕ್ಕೆ ಅಡ್ಡಿ ಮಾಡುತ್ತವೆ. ಈ ತಿಕ್ಕಾಟದಲ್ಲಿ ಕಳೆದುಹೋಗುವ ಶಕ್ತಿಯೇ ಬಿಸಿ. ಅಡ್ಡಿಯ ಅಳತೆಗೆ ರೋಧ ಎಂದು ಹೆಸರು, ಅದರ ಮಾನ ಓಮ್.

ರೋಧವನ್ನು ನಿರ್ಧರಿಸುವುದು ಮೂರು ಸಂಗತಿ: ಲೋಹ ಯಾವುದು, ತಂತಿ ಎಷ್ಟು ಉದ್ದ, ಎಷ್ಟು ದಪ್ಪ. ಉದ್ದ ಹೆಚ್ಚಿದರೆ ರೋಧ ಹೆಚ್ಚುತ್ತದೆ, ದಪ್ಪ ಹೆಚ್ಚಿದರೆ ತಗ್ಗುತ್ತದೆ. ಮನೆಯ ವೈರಿಂಗಿನಲ್ಲಿರುವ ತಾಮ್ರದ ರೋಧ ತೀರಾ ಕಡಿಮೆ. ಒಂದೇ ಅಳತೆಯ ತಾಮ್ರದ ತಂತಿಗೆ ಹೋಲಿಸಿದರೆ, ಬಿಸಿ ಮಾಡಲು ಬಳಸುವ ನೈಕ್ರೋಮ್ ಎಂಬ ಮಿಶ್ರಲೋಹದ ತಂತಿಯ ರೋಧ ಸುಮಾರು 60 ಪಟ್ಟು, ಕಾಂಥಾಲ್ ಎಂಬ ಇನ್ನೊಂದರದು ಸುಮಾರು 85 ಪಟ್ಟು.

ಹಾಗಾದರೆ ರೋಧ ಹೆಚ್ಚಿದಷ್ಟೂ ಬಿಸಿ ಹೆಚ್ಚಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಎಡವುವುದು ಇಲ್ಲೇ. ಮನೆಯ ಪ್ಲಗ್‌ನಲ್ಲಿ ವೋಲ್ಟೇಜ್ ಸುಮಾರು 230ಕ್ಕೆ ನಿಂತಿರುತ್ತದೆ. ರೋಧ ತಗ್ಗಿದರೆ ಹೆಚ್ಚು ವಿದ್ಯುತ್ ಹರಿಯುತ್ತದೆ, ಹೆಚ್ಚು ಬಿಸಿಯೂ ಹುಟ್ಟುತ್ತದೆ. 1000 ವ್ಯಾಟ್ ಒಲೆಯ ಸ್ಪ್ರಿಂಗಿನ ರೋಧ ಸುಮಾರು 53 ಓಮ್. ರಿಪೇರಿಯಿಂದ ಅದರ ಹತ್ತನೇ ಒಂದು ಭಾಗ ಹೋಯಿತೆನ್ನಿ. ರೋಧ 48 ಓಮ್‌ಗೆ ಇಳಿಯುತ್ತದೆ, ಒಲೆ 1,100 ವ್ಯಾಟ್ ದಾಟುತ್ತದೆ. ಉಳಿದಿರುವ ತಂತಿ ಕಡಿಮೆ, ಅದು ಹೊರಬೇಕಾದ ಶಕ್ತಿ ಹೆಚ್ಚು. ತಂತಿಯ ಪ್ರತಿ ಸೆಂಟಿಮೀಟರಿನ ಮೇಲೆ ಬೀಳುವ ಹೊರೆ ಹೆಚ್ಚೂಕಡಿಮೆ ಕಾಲುಭಾಗ ಏರಿತು. ಒಲೆ ಬೇಗ ಕೆಂಪಾಗುವುದಕ್ಕೂ ಬೇಗ ಸಾಯುವುದಕ್ಕೂ ಕಾರಣ ಇದೊಂದೇ.

ಹಾಗೆಂದು ರೋಧವನ್ನು ಇಳಿಸುತ್ತಲೇ ಹೋಗುವಂತಿಲ್ಲ. ಆ ಸ್ಪ್ರಿಂಗಿನ ಜಾಗದಲ್ಲಿ ಅಷ್ಟೇ ಉದ್ದದ ತಾಮ್ರದ ತಂತಿ ಹಾಕಿದರೆ ಒಲೆ ಕಾಯುವ ಮೊದಲೇ ಫ್ಯೂಸ್ ಹಾರುತ್ತದೆ. ಬಿಸಿ ಮಾಡುವ ತಂತಿಗೆ ಹದವಾದ ರೋಧ ಬೇಕು. ಜೊತೆಗೆ, ಕೆಂಪಗೆ ಕಾದರೂ ಗಾಳಿಯಲ್ಲಿ ಸುಟ್ಟುಹೋಗದ ತಾಳಿಕೆಯೂ ಬೇಕು.

ಎರಡು ಮಿಶ್ರಲೋಹಗಳ ಕತೆ

ಈ ಎರಡನೆಯ ಗುಣ ಬಹಳ ಕಾಲ ಸಿಕ್ಕಿರಲಿಲ್ಲ. ವಿದ್ಯುತ್ ಇಸ್ತ್ರಿ ಪೆಟ್ಟಿಗೆಗೆ ನ್ಯೂಯಾರ್ಕ್‌ನ ಹೆನ್ರಿ ಸೀಲಿ 1882ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ದಿನವೂ ಕಾದು ತಣಿದು ವರ್ಷಗಟ್ಟಲೆ ಬಾಳುವ ಅಗ್ಗದ ತಂತಿ ಆಗ ಇರಲಿಲ್ಲ. ಕಬ್ಬಿಣದ್ದು ಕಾದಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಪುಡಿಯಾಗುತ್ತಿತ್ತು. ಪ್ಲಾಟಿನಮ್ ತಡೆಯುತ್ತಿತ್ತು, ಆದರೆ ಬೆಲೆ ಕೈಗೆಟುಕುವಂತಿರಲಿಲ್ಲ.

ಗಂಟು ಬಿಡಿಸಿದವರು ಅಮೆರಿಕದ ಲೋಹತಜ್ಞ ಆಲ್ಬರ್ಟ್ ಮಾರ್ಷ್. ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ಅವರ ಮಿಶ್ರಲೋಹಕ್ಕೆ 1906ರಲ್ಲಿ ಪೇಟೆಂಟ್ ಸಿಕ್ಕಿತು. ಇಂದು ನಾವು ನೈಕ್ರೋಮ್ ಎನ್ನುವುದು ಅದರ ವಂಶದ್ದೇ. ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ನೂರಕ್ಕೆ 80 ಪಾಲು ನಿಕಲ್, 20 ಪಾಲು ಕ್ರೋಮಿಯಂ. ಕಾದಾಗ ಇದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಒಳಗಿನ ಲೋಹಕ್ಕೆ ಗಾಳಿ ತಾಗದಂತೆ ಕಾಪಾಡುತ್ತದೆ. ಮೂರೇ ವರ್ಷದಲ್ಲಿ, 1909ರಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿ ತನ್ನ ಟೋಸ್ಟರನ್ನು ಮಾರುಕಟ್ಟೆಗೆ ತಂದಿತು.

ಎರಡನೆಯದು ಸ್ವೀಡನ್ನಿನ ಕೊಡುಗೆ. ಹಾಲ್‌ಸ್ಟಾಹಮ್ಮರ್ ಊರಿನಲ್ಲಿ ಹಾನ್ಸ್ ಫಾನ್ ಕಾಂಟ್ಸೊ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿ ರೂಪಿಸಿದ ಮಿಶ್ರಲೋಹ ಕಾಂಥಾಲ್. ಅದೇ ಹೆಸರಿನ ಕಂಪನಿ 1931ರಲ್ಲಿ ಶುರುವಾಯಿತು. ದುಬಾರಿ ನಿಕಲ್ ಇದಕ್ಕೆ ಬೇಕಿಲ್ಲ. ಮೈಮೇಲೆ ಕಟ್ಟುವ ಅಲ್ಯೂಮಿನಿಯಂ ಆಕ್ಸೈಡಿನ ಪೊರೆ ಇನ್ನೂ ಗಟ್ಟಿ. ನೈಕ್ರೋಮ್ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ತನಕ ತಾಳಿದರೆ, ಕಾಂಥಾಲಿನ ಉತ್ತಮ ದರ್ಜೆ ಸುಮಾರು 1,400 ಡಿಗ್ರಿ ತನಕ ತಾಳುತ್ತದೆ. ಒಂದು ಕೊರತೆ ಇದೆ: ಚೆನ್ನಾಗಿ ಕಾದು ತಣಿದ ಕಾಂಥಾಲ್ ಪೆಡಸಾಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ನೈಕ್ರೋಮ್ ಬಾಗುತ್ತದೆ.

ಕಡ್ಡಿಯೊಳಗೆ ಏನಿದೆ

ಈಗಿನ ಇ-ಸಿಗರೇಟನ್ನು ಬಳಕೆಗೆ ತಂದವರು ಚೀನಾದ ಔಷಧತಜ್ಞ ಹೋನ್ ಲಿಕ್. ಅದು 2003ರ ಮಾತು. ಅವರ ಮೊದಲ ಮಾದರಿ ಶ್ರವಣಾತೀತ ಕಂಪನದಿಂದ ದ್ರವವನ್ನು ಮಂಜಾಗಿಸುತ್ತಿತ್ತು. ಮುಂದೆ ಆ ಜಾಗವನ್ನು ಕಾಯುವ ಸುರುಳಿ ಹಿಡಿಯಿತು.

ಯಂತ್ರ ಸರಳ. ಒಂದು ಲಿಥಿಯಂ ಬ್ಯಾಟರಿ, ಒಂದು ತಂತಿಸುರುಳಿ, ಅದರೊಳಗೆ ಹತ್ತಿಯ ಬತ್ತಿ, ಬತ್ತಿ ಹೀರುವ ದ್ರವ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ಸಾಮಾನ್ಯವಾಗಿ ನಿಕೋಟಿನ್ ಕೂಡ ಇರುತ್ತವೆ. ದಮ್ಮು ಎಳೆದಾಗ ಸುರುಳಿ ಕಾದು ಬತ್ತಿಯ ದ್ರವವನ್ನು ಆವಿ ಮಾಡುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿಯಲ್ಲಿ, ಗ್ಲಿಸರಿನ್ 290ರಲ್ಲಿ. ಸುರುಳಿಯ ಕೆಲಸ ಈ ಎರಡರ ನಡುವಿನ ತಾಪವನ್ನು ಮುಟ್ಟುವುದು.

ಒಂದು ದಮ್ಮು ಕೆಲವೇ ಸೆಕೆಂಡಿನದು. ಗುಂಡಿ ಒತ್ತಿ ಎರಡು ಸೆಕೆಂಡ್ ಆವಿ ಬರದಿದ್ದರೆ ಬಳಸುವವನಿಗೆ ಬೇಸರ. ಅದಕ್ಕೇ ತಯಾರಕರೂ, ತಾವೇ ಸುರುಳಿ ಸುತ್ತಿಕೊಳ್ಳುವ ಹವ್ಯಾಸಿಗಳೂ ‘ಬೇಗ ಕಾಯುವ ತಂತಿ’ಯ ಬೆನ್ನು ಬಿದ್ದರು. ನೈಕ್ರೋಮ್ ಚುರುಕು, ಕಾಂಥಾಲ್ ನಿಧಾನ ಎಂಬ ಮಾತು ಹುಟ್ಟಿದ್ದು ಅಲ್ಲಿಯೇ. ಅದು ನಿಜವೇ? ಲೆಕ್ಕ ಹಾಕಿ ನೋಡೋಣ.

ಒಂದೇ ಅಳತೆ, ಬೇರೆ ಬೇರೆ ಲೋಹ

0.4 ಮಿಲಿಮೀಟರ್ ದಪ್ಪ, 6 ಸೆಂಟಿಮೀಟರ್ ಉದ್ದದ ತಂತಿಯನ್ನು ತೆಗೆದುಕೊಳ್ಳೋಣ. ಐದಾರು ಸುತ್ತಿನ ಸುರುಳಿಗೆ ಇಷ್ಟು ಸಾಕು. ಕಾಂಥಾಲ್ ಆದರೆ ಇದರ ರೋಧ ಸುಮಾರು 0.69 ಓಮ್, ನೈಕ್ರೋಮ್ ಆದರೆ 0.52, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆದರೆ 0.35.

ಇವನ್ನು 3.7 ವೋಲ್ಟ್ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಕಾಂಥಾಲ್ ಸುಮಾರು 20 ವ್ಯಾಟ್ ಎಳೆಯುತ್ತದೆ, ನೈಕ್ರೋಮ್ 26, ಸ್ಟೀಲ್ 39. ಬರಿ ತಂತಿಯನ್ನು 20ರಿಂದ 220 ಡಿಗ್ರಿಗೆ ಏರಿಸಲು ಐದಾರು ಜೂಲ್ ಶಕ್ತಿ ಸಾಕು. ಭಾಗಿಸಿದರೆ ಕಾಂಥಾಲಿಗೆ ಹತ್ತಿರಹತ್ತಿರ 0.25 ಸೆಕೆಂಡ್, ನೈಕ್ರೋಮಿಗೆ 0.22, ಸ್ಟೀಲಿಗೆ 0.16. ಬತ್ತಿಯೂ ದ್ರವವೂ ಕಾಯಬೇಕಾದ್ದರಿಂದ ನಿಜ ಬಳಕೆಯಲ್ಲಿ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಆದರೂ ಸರದಿ ಇದೇ. ನೈಕ್ರೋಮ್ ಚುರುಕು ಎಂಬ ಮಾತಿಗೆ ಇಲ್ಲಿ ಆಧಾರ ಸಿಕ್ಕಿತು.

ಈಗ ಅದೇ ತಂತಿಗಳನ್ನು ಚಿಪ್ ಇರುವ ಸಾಧನಕ್ಕೆ ಹಾಕೋಣ. ರೋಧ ಎಷ್ಟೇ ಇರಲಿ, ಹೇಳಿದಷ್ಟೇ ವ್ಯಾಟ್ ಕೊಡುವಂತೆ ವೋಲ್ಟೇಜನ್ನು ಏರಿಸಿ ಇಳಿಸುವುದು ಈ ಚಿಪ್ಪಿನ ಕೆಲಸ. ಎಲ್ಲಕ್ಕೂ 20 ವ್ಯಾಟ್ ಎಂದು ನಿಗದಿ ಮಾಡಿದರೆ ಕಾಂಥಾಲ್ 0.25 ಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆ. ನೈಕ್ರೋಮಿಗೆ 0.29 ಬೇಕು, ಸ್ಟೀಲಿಗೆ 0.30. ಸರದಿ ತಿರುಗುಮುರುಗಾಯಿತು!

ಕಾರಣ ತೂಕ. ಒಂದೇ ಗಾತ್ರದ ತಂತಿಯಲ್ಲಿ ನೈಕ್ರೋಮ್ ಕಾಂಥಾಲಿಗಿಂತ ಭಾರ. ಒಂದು ಘನ ಸೆಂಟಿಮೀಟರ್ ಕಾಂಥಾಲ್ 7.1 ಗ್ರಾಂ ತೂಗಿದರೆ ನೈಕ್ರೋಮ್ 8.3 ಗ್ರಾಂ ತೂಗುತ್ತದೆ. ಪ್ರತಿ ಗ್ರಾಮಿಗೆ ಬೇಕಾಗುವ ಶಾಖ ಎರಡಕ್ಕೂ ಹೆಚ್ಚುಕಡಿಮೆ ಸಮ. ಶಕ್ತಿಯೂ ಸಮನಾದಾಗ ಹಗುರವಾದದ್ದು ಗೆಲ್ಲುತ್ತದೆ. ಬ್ಯಾಟರಿಗೆ ನೇರ ಜೋಡಿಸಿದಾಗ ನೈಕ್ರೋಮ್ ಗೆದ್ದದ್ದು ಅದು ಹೆಚ್ಚು ವಿದ್ಯುತ್ ಎಳೆದದ್ದರಿಂದ. ಅಂದರೆ ಲೋಹದ ಹೆಸರೊಂದನ್ನೇ ಹಿಡಿದು ಯಾವುದು ಚುರುಕು ಎಂದು ಹೇಳಲು ಬರುವುದಿಲ್ಲ.

ದಪ್ಪದ ಪಾತ್ರ

ಮೂರನೆಯ ಸಾಧ್ಯತೆಯೂ ಇದೆ. ಉದ್ದ ಮತ್ತು ರೋಧ ಎರಡೂ ಸಮ ಇರಲಿ ಎಂದರೆ ನೈಕ್ರೋಮ್ ತಂತಿಯನ್ನು ಕಾಂಥಾಲಿಗಿಂತ ತೆಳುವಾಗಿ ಎಳೆಯಬೇಕು. ಆಗ ಅದರ ಲೋಹದ ಪ್ರಮಾಣ ಕಾಲುಭಾಗ ತಗ್ಗುತ್ತದೆ, ಕಾಯುವ ಹೊತ್ತಿನಲ್ಲಿ ಶೇ 12ರಷ್ಟು ಉಳಿತಾಯವಾಗುತ್ತದೆ. ದಪ್ಪ ಒಂದೇ ಇಟ್ಟು ರೋಧ ಸಮ ಮಾಡಲು ಹೊರಟರೆ ನೈಕ್ರೋಮನ್ನು ಮೂರನೇ ಒಂದು ಭಾಗದಷ್ಟು ಹೆಚ್ಚು ಉದ್ದ ಮಾಡಬೇಕಾಗುತ್ತದೆ, ಅದು ನಿಧಾನವಾಗುತ್ತದೆ.

ದೋಸೆ ಹುಯ್ಯುವವರಿಗೆ ಈ ತತ್ವ ಹೊಸತಲ್ಲ. ದಪ್ಪ ಕಾವಲಿ ಕಾಯಲು ಹೊತ್ತು ಹಿಡಿಯುತ್ತದೆ, ಕಾದ ಮೇಲೆ ಬಿಸಿಯನ್ನು ಬಿಟ್ಟುಕೊಡುವುದೂ ನಿಧಾನ. ದಪ್ಪ ತಂತಿಯ ಮೇಲೆ ಗಿಟಾರ್ ತಂತಿಯಂತೆ ಸಣ್ಣ ಎಳೆ ಸುತ್ತಿದ ಸುರುಳಿಗಳು ಹೆಚ್ಚು ಆವಿ ಕೊಟ್ಟರೂ ತಡವಾಗಿ ಏಳುವುದು ಇದಕ್ಕೇ. ಈಚಿನ ಅನೇಕ ಸಾಧನಗಳಲ್ಲಿ ತಂತಿಯ ಬದಲು ರಂಧ್ರಗಳಿರುವ ತೆಳು ಲೋಹದ ಜಾಲರಿ ಬಂದಿದೆ. ಜಾಲರಿಯಲ್ಲಿ ಲೋಹ ಕಡಿಮೆ, ಬತ್ತಿಯನ್ನು ತಾಗುವ ಮೈ ಹೆಚ್ಚು. ವೇಗದ ಗುಟ್ಟು ಅಲ್ಲಿದೆ.

ಹಾಗಾದರೆ ರೋಧ ಕಡಿಮೆ ಇರುವ ಶುದ್ಧ ನಿಕಲ್ ಯಾಕೆ ಬೇಡ? ನಮ್ಮ ಅಳತೆಯ ತಂತಿ ನಿಕಲ್‌ನದ್ದಾದರೆ ರೋಧ ಬರಿ 0.03 ಓಮ್. ಬ್ಯಾಟರಿಗೆ ನೇರ ಜೋಡಿಸಿದರೆ ಲೆಕ್ಕದ ಪ್ರಕಾರ 100 ಆಂಪಿಯರ್ ಮೀರಿ ಹರಿಯಬೇಕು. ಬೆರಳುದ್ದದ ಲಿಥಿಯಂ ಬ್ಯಾಟರಿಯ ಮಟ್ಟಿಗೆ ಇದು ಶಾರ್ಟ್ ಸರ್ಕ್ಯೂಟೇ ಸರಿ. ಬ್ಯಾಟರಿ ಬಿಸಿಯಾಗಿ ಬೆಂಕಿ ಹತ್ತುವ, ಸಿಡಿಯುವ ಅಪಾಯವಿದೆ.

ತಂತಿಯೇ ಥರ್ಮಾಮೀಟರ್

ಆದರೂ ನಿಕಲ್ ತಂತಿಗೆ ವೇಪ್‌ನಲ್ಲಿ ಜಾಗವಿದೆ, ಬೇರೊಂದು ಗುಣಕ್ಕಾಗಿ. ಕಾದಂತೆ ಅದರ ರೋಧ ಏರುತ್ತದೆ: ಪ್ರತಿ ಡಿಗ್ರಿಗೆ ಸುಮಾರು ಶೇ 0.6. ಟೈಟಾನಿಯಂ, ಸ್ಟೇನ್‌ಲೆಸ್ ಸ್ಟೀಲ್‌ಗಳಿಗೂ ಈ ಗುಣ ಕಡಿಮೆ ಪ್ರಮಾಣದಲ್ಲಿ ಉಂಟು. ರೋಧ ಎಷ್ಟು ಏರಿತೆಂದು ಅಳೆದರೆ ತಂತಿ ಎಷ್ಟು ಕಾದಿದೆ ಎಂದು ಚಿಪ್ಪಿಗೆ ತಿಳಿಯುತ್ತದೆ. ಮಿತಿ ದಾಟಿದಾಗ ವಿದ್ಯುತ್ತನ್ನು ತಗ್ಗಿಸಬಹುದು. ನೈಕ್ರೋಮ್, ಕಾಂಥಾಲ್‌ಗಳ ರೋಧ ತಣ್ಣಗಿದ್ದಾಗಲೂ ಕಾದಾಗಲೂ ಬಹುತೇಕ ಒಂದೇ. ಒಲೆಗೆ ಇದು ವರ, ತಾಪ ಅಳೆಯುವ ಚಿಪ್ಪಿಗೆ ತೊಡಕು.

ಮನೆಯ ಹಳೆಯ ಬಲ್ಬಿನ ಟಂಗ್‌ಸ್ಟನ್ ತಂತಿಗೂ ನಿಕಲ್‌ನಂತೆ ಕಾದಷ್ಟೂ ರೋಧ ಏರುವ ಗುಣವಿದೆ. ತಣ್ಣಗಿರುವಾಗ ಅದರ ರೋಧ ಉರಿಯುವಾಗಿನ ಹತ್ತನೇ ಒಂದು ಪಾಲಿನಷ್ಟೂ ಇರದು. ಸ್ವಿಚ್ ಹಾಕಿದ ಗಳಿಗೆಯಲ್ಲೇ ಬಲ್ಬು ಹೆಚ್ಚಾಗಿ ಹೋಗುವುದೇಕೆಂದು ಈಗ ತಿಳಿಯಿತಲ್ಲ!

ವೇಗ ಹೆಚ್ಚಾದರೆ

ಬತ್ತಿ ದ್ರವವನ್ನು ಹೀರಲು ಹೊತ್ತು ಬೇಕು. ಸುರುಳಿ ಅದಕ್ಕಿಂತ ವೇಗವಾಗಿ ಆವಿ ಮಾಡಿದರೆ ಬತ್ತಿ ಒಣಗುತ್ತದೆ. ದ್ರವ ಇರುವ ತನಕ ಶಾಖವೆಲ್ಲ ಆವಿಯಾಗಿಸಲು ಖರ್ಚಾಗಿ ತಾಪ ಹಿಡಿತದಲ್ಲಿರುತ್ತದೆ. ದ್ರವ ಮುಗಿದೊಡನೆ ತಾಪ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಗ್ಲಿಸರಿನ್ ಮತ್ತು ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷಗಳು ಹುಟ್ಟುತ್ತವೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ.

ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. 3.3 ವೋಲ್ಟ್‌ನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಸಂಯುಕ್ತಗಳು ಅದೇ ಸಾಧನವನ್ನು 5 ವೋಲ್ಟ್‌ಗೆ ಏರಿಸಿದಾಗ ಕಾಣಿಸಿಕೊಂಡವು. ಅಷ್ಟು ಸುಟ್ಟ ರುಚಿಯನ್ನು ಯಾರೂ ಸಹಿಸಲಾರರು ಎಂದು ಟೀಕೆ ಬಂತು. ಆದರೆ ತಾಪ ಏರಿದರೆ ರಸಾಯನವೇ ಬದಲಾಗುತ್ತದೆ ಎಂಬುದಂತೂ ಸ್ಪಷ್ಟವಾಯಿತು.

ಲೋಹದ ಪಾಲೂ ಇದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿದ್ದರು. ಸೀಸೆಯಲ್ಲಿದ್ದ ದ್ರವದಲ್ಲಿ ಲೋಹಗಳು ತೀರಾ ಕಡಿಮೆ ಇದ್ದವು. ಸುರುಳಿಯ ಸಂಪರ್ಕಕ್ಕೆ ಬಂದ ದ್ರವದಲ್ಲೂ ಆವಿಯಲ್ಲೂ ಸೀಸ, ನಿಕಲ್, ಕ್ರೋಮಿಯಂ, ಮ್ಯಾಂಗನೀಸ್‌ಗಳ ಪ್ರಮಾಣ ಬಹಳ ಹೆಚ್ಚಿತ್ತು. ಸುರುಳಿಯ ಸಂಪರ್ಕವೇ ಇದಕ್ಕೆ ಕಾರಣವೆಂದು ಅವರು ಗುರುತಿಸಿದರು.

ಇನ್ನು ಕಾನೂನಿನ ಮಾತು: ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರಲ್ಲಿ ಕೇಂದ್ರದ ಕಾಯ್ದೆ ಬಂತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲವೂ ಅಪರಾಧ. ಮಾರಾಟದಂಥ ಅಪರಾಧಕ್ಕೆ ಮೊದಲ ಸಲ ಒಂದು ವರ್ಷದ ತನಕ ಜೈಲು ಅಥವಾ ಒಂದು ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದ ತನಕ ಜೈಲು ಮತ್ತು ಐದು ಲಕ್ಷದ ತನಕ ದಂಡ.

ನಡುವೆ ಏನಿದೆ ಎಂಬ ಪ್ರಶ್ನೆ

ಲೋಹ ಮತ್ತು ವೇಗದ ಪ್ರಶ್ನೆಗೆ ಮರಳೋಣ. ಬಚ್ಚಲಿನ ಬಕೆಟ್ಟಿಗೆ ಇಳಿಬಿಡುವ ವಾಟರ್ ಹೀಟರ್ ಕಡ್ಡಿಯೊಳಗೂ ಸಾಮಾನ್ಯವಾಗಿ ಇರುವುದು ನೈಕ್ರೋಮೇ. 1500 ವ್ಯಾಟ್ ಕಡ್ಡಿ 20 ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು ಸುಮಾರು 19 ನಿಮಿಷ ಬೇಕು. ಒಳಗಿನ ತಂತಿಯನ್ನು ಬದಲಿಸಿದರೂ, ವ್ಯಾಟ್ ಅಷ್ಟೇ ಇರುವ ತನಕ ಈ ಹೊತ್ತು ಬದಲಾಗದು. ಕಾಯಬೇಕಾದದ್ದು 20 ಕಿಲೋ ನೀರು, ಅದರೆದುರು ತಂತಿಯ ತೂಕ ಯಾವ ಲೆಕ್ಕ? ಲೋಹದ ಆಯ್ಕೆಯಿಂದ ವೇಗ ಏರುಪೇರಾಗುವುದು ಕಾಯಿಸಬೇಕಾದ ವಸ್ತು ತಂತಿಯಷ್ಟೇ ಚಿಕ್ಕದಾದಾಗ ಮಾತ್ರ.

ಆ ಕಡ್ಡಿಯಲ್ಲಿ ನೈಕ್ರೋಮ್ ಸುರುಳಿಯನ್ನು ಮೆಗ್ನೀಸಿಯಂ ಆಕ್ಸೈಡ್ ಪುಡಿಯಲ್ಲಿ ಹೂತು, ಮೇಲೆ ಲೋಹದ ಕೊಳವೆ ತೊಡಿಸಿರುತ್ತಾರೆ. ತಂತಿ ನೀರನ್ನು ಮುಟ್ಟುವುದಿಲ್ಲ. ಈ ಕವಚದಿಂದ ತೂಕ ಹೆಚ್ಚಿ, ಬಿಸಿ ಹೊರಬರುವುದು ತುಸು ತಡವಾಗುತ್ತದೆ. ಆ ತಡ ನಮ್ಮ ಸುರಕ್ಷತೆಗೆ ತೆತ್ತ ಬೆಲೆ.

ವೇಪ್‌ನಲ್ಲಿ ಪುಡಿಯೂ ಇಲ್ಲ, ಕೊಳವೆಯೂ ಇಲ್ಲ. ತಂತಿ ಬರಿಮೈಯಲ್ಲಿ ದ್ರವದೊಳಗೆ ಕೂತಿದೆ, ಅದರಿಂದ ಎದ್ದ ಆವಿ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾಂಥಾಲ್, ನೈಕ್ರೋಮ್, ಸ್ಟೀಲ್‌ಗಳ ನಡುವಿನ ವ್ಯತ್ಯಾಸ ಸೆಕೆಂಡಿನ ಸಣ್ಣ ಪಾಲುಗಳಲ್ಲಿ ಮುಗಿದುಹೋಗುತ್ತದೆ. ಅಷ್ಟು ವೇಗ ದಕ್ಕಿದ್ದು ತಂತಿ ಮತ್ತು ಎದೆಯ ನಡುವೆ ಇರಬೇಕಾದ ಎಲ್ಲವನ್ನೂ ತೆಗೆದುಹಾಕಿದ್ದರಿಂದ. ಲೋಹದ ಕಣಗಳೂ ಸುಟ್ಟ ದ್ರವದ ವಿಷವೂ ಒಳಗೆ ಹೋಗುತ್ತಿರುವುದು ಅದೇ ತೆರೆದ ದಾರಿಯಲ್ಲಿ. ಯಾವ ಲೋಹ ಆರಿಸಿಕೊಂಡರೂ ಆ ದಾರಿ ಮುಚ್ಚುವುದಿಲ್ಲ.